ಭಾವನ ಕಿವಿಯಲ್ಲಿ ಜಾರಿದ ಕಲ್ಲು

ನಮ್ಮ ಭಾವನ ಕಣ್ಣಿಗೆ ಈ ಭೂಮಂಡಲದಲ್ಲಿ ನೆಟ್ಟಗಿರುವ ವಸ್ತು ಒಂದೂ ಇಲ್ಲ! ಇದು ನಾನು ಅವರ ಮೇಲೆ ಹೊರಿಸುತ್ತಿರುವ ಆರೋಪವಲ್ಲ. ಮೂವತ್ತು ವರ್ಷಗಳಿಂದ ಅವರೇ ಸಾರಿಕೊಂಡು ಬಂದಿರುವ ಸಿದ್ಧಾಂತ.

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಿಂದ ಮನೆ ಕಟ್ಟುವ ಮೇಸ್ತ್ರಿ. ಕೊಕ್ಕರ್ಣೆಯಿಂದ ಬೈಂದೂರಿನವರೆಗೆ ಅವರು ಎಬ್ಬಿಸಿದ ಕೆಂಪುಕಲ್ಲಿನ ಗೋಡೆಗಳನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಜಿಲ್ಲೆಗೆ ಒಂದು ಕೋಟೆಯೇ ಆದೀತು. ಉಳಿದ ಗಂಡಸರ ಅಂಗಿಯ ಜೇಬಿನಲ್ಲಿ ಪೆನ್ನೋ ಕನ್ನಡಕವೋ ಇದ್ದರೆ, ಭಾವನ ಜೇಬಿನಲ್ಲಿ ಇರುವುದು ಒಂದು ನೂಲಿನ ಉಂಡೆ. ಅದರ ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಹಿತ್ತಾಳೆಯ ಗುಂಡು. ಗೋಡೆ ನೆಟ್ಟಗೆ ಎದ್ದಿದೆಯೇ ಎಂದು ಪರೀಕ್ಷಿಸಲು ಮೇಸ್ತ್ರಿಗಳು ಮೇಲಿನಿಂದ ಇಳಿಬಿಡುವ ತೂಗುಗುಂಡು ಅದು. ಬೇರೆ ಮೇಸ್ತ್ರಿಗಳು ಅದನ್ನು ಗೋಡೆಗೆ ಮಾತ್ರ ಹಿಡಿಯುತ್ತಾರೆ. ನಮ್ಮ ಭಾವ ಅದನ್ನು ಯಾವುದಕ್ಕೆ ಹಿಡಿದಿಲ್ಲ, ಹೇಳಿ! ನೆಂಟರ ಮನೆಯ ದೇವರ ಪಟಕ್ಕೆ ಹಿಡಿದಿದ್ದಾರೆ. ಬಸ್ ನಿಲ್ದಾಣದ ಕಂಬಕ್ಕೆ ಹಿಡಿದಿದ್ದಾರೆ. ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ಹೋದವರು, ಊಟಕ್ಕೆ ಮೊದಲು ಹೆಬ್ಬಾಗಿಲಿನ ಚೌಕಟ್ಟಿಗೆ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, "ಕಾಲಿಂಚ್ ಒಳ್ಗ್ ಬಂದಿತ್" ಎಂದು ತೀರ್ಪು ಕೊಟ್ಟರು. ಆ ಬಾಗಿಲು ನಿಲ್ಲಿಸಿದ ಮೇಸ್ತ್ರಿ ಅದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ. ಪಾಯಸ ಬರುವ ಮೊದಲೇ ಅವನ ಎಲೆಯ ಮುಂದೆ ಯಾರೂ ಇರಲಿಲ್ಲ!

ಅಷ್ಟೇಕೆ, ಮದುವೆಯ ಮಂಟಪದಲ್ಲಿ ಅಂತರಪಟ ಸರಿದಾಗ ಅವರು ನನ್ನ ಅಕ್ಕನೊಡನೆ ಆಡಿದ ಮೊತ್ತಮೊದಲ ಮಾತು ಯಾವುದು ಗೊತ್ತೇ? "ನಿನ್ ಬಾಸಿಂಗ ಅರ್ಧ ಇಂಚ್ ಎಡಕ್ಕಿತ್ತ್!" ಹುಡುಗಿಯರು ಇಂಥ ಕ್ಷಣಕ್ಕಾಗಿ ಎಷ್ಟು ವರ್ಷ ಕಾದಿರುತ್ತಾರೆ! ಅಕ್ಕ ತಲೆ ತಗ್ಗಿಸಿಕೊಂಡೇ, "ನಿಮ್ ಮೂಗೂ ಹಾಂಗೇ ಇತ್ತ್" ಎಂದಳು. (ನಮ್ಮ ಕಡೆಯ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ'.) ಆ ದಾಂಪತ್ಯ ಅಂದಿನಿಂದ ಇಂದಿನವರೆಗೆ ಅದೇ ಧಾಟಿಯಲ್ಲಿ ಸುಖವಾಗಿ ನಡೆದಿದೆ.

ಅವರ ಮನೆ ಇರುವುದು ಕೊಕ್ಕರ್ಣೆಯಿಂದ ಒಳಗೆ, ಒಂದು ಹೊಳೆಯ ಆಚೆ ದಡದಲ್ಲಿ. ರಸ್ತೆ ಈಚೆ ದಡಕ್ಕೆ ಬಂದು, 'ಇನ್ನು ನೀವುಂಟು, ನಿಮ್ಮ ಮನೆಯುಂಟು' ಎಂಬಂತೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಸಂಕ. ಸಂಕವೆಂದರೆ ಕಾಲುಸೇತುವೆ, ಎರಡು ಹಳೆಯ ಕರೆಂಟು ಕಂಬಗಳನ್ನು ಒಂದರ ಪಕ್ಕ ಒಂದು ಮಲಗಿಸಿ ಮಾಡಿದ್ದು. ಮದುವೆಗೆ ಎಂಟು ದಿನ ಮೊದಲು, ಹೊಸ ಹೆಂಡತಿ ದಾಟಿ ಬರಲೆಂದು ಭಾವನೇ ಅದನ್ನು ಹಾಕಿದ್ದು. ಅದೂ ಆಚೆ ದಡದಲ್ಲಿ ಕಾಲಿಂಚು ತಗ್ಗಿದೆಯಂತೆ; ಆದರೆ ತಪ್ಪು ಅವರದಲ್ಲ, ಹೊಳೆಯದು! ಕೈ ಹಿಡಿಯಲು ಒಂದು ಬಿದಿರು ಕಟ್ಟುತ್ತಾರೆ. ಪ್ರತಿ ಮಳೆಗಾಲದಲ್ಲಿ ಹೊಳೆ ಅದನ್ನು ತನ್ನ ಪಾಲೆಂದು ಕೊಂಡೊಯ್ಯುತ್ತದೆ.

ಬ್ರಹ್ಮಾವರದ ಪೇಟೆಯಲ್ಲಿ ಬೆಳೆದ ಅಕ್ಕನಿಗೆ ಸಂಕವೆಂದರೆ ಜೀವಭಯ. ದಿಬ್ಬಣ ಬಂದ ದಿನ ಅವಳು ಅದರ ಮುಂದೆ ಕಂಬದಂತೆ ನಿಂತಾಗ, ಹತ್ತು ಜನರ ಎದುರು ಹೆಂಡತಿಯ ಕೈ ಹಿಡಿಯಲು ನಾಚಿದ ಭಾವ, ಹೆಗಲ ಮೇಲಿನ ಉದ್ದನೆಯ ಬೈರಾಸಿನ, ಎಂದರೆ ಟವೆಲಿನ, ಒಂದು ತುದಿಯನ್ನು ಹಿಂದಕ್ಕೆ ಚಾಚಿದರು. ಅವಳು ಅದನ್ನು ಹಿಡಿದು, ಅವರ ಹಿಮ್ಮಡಿಯ ಮೇಲೆ ಕಣ್ಣು ನೆಟ್ಟು ದಾಟಿದಳು. ಆಮೇಲೆ ಅದೇ ಪದ್ಧತಿಯಾಯಿತು. ಮೂವತ್ತು ವರ್ಷಗಳಲ್ಲಿ ಅಕ್ಕ ಆ ಬೈರಾಸಿಲ್ಲದೆ ಒಮ್ಮೆಯೂ ಸಂಕ ದಾಟಿದವಳಲ್ಲ. ಭಾವ ಕೆಲಸಕ್ಕೆ ಹೋದರೆ ಅವರು ಹಿಂದಿರುಗುವವರೆಗೆ ಅವಳು ದ್ವೀಪವಾಸಿ!

ಇಂಥ ಭಾವ ಕಳೆದ ಮಳೆಗಾಲದ ಕೊನೆಯಲ್ಲಿ, ಒಂದು ಬೆಳಿಗ್ಗೆ, ಹಾಸಿಗೆಯಲ್ಲಿ ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿದರು. ಅವರೊಡನೆ ಮನೆಯೂ ಹೊರಳಿತು!

"ಹೆಣೆ, ಹೊರ್ಗ್ ಓಡ್! ಮನಿ ಪಾಯ ಜಾರ್ತಾ ಇತ್ತ್!"

ಅಕ್ಕ ಅಡುಗೆಮನೆಯಿಂದ ಸಟ್ಟುಗ ಹಿಡಿದೇ ಬಂದಳು. "ಎಂತ ಜಾರುದ್? ಕಾವ್ಲಿ ಮೇಲಿನ್ ದೋಸಿಯೇ ಜಾರ್ಲಿಲ್ಲ, ಮನಿ ಹ್ಯಾಂಗ್ ಜಾರತ್ತ್?"

ಸಾಮಾನ್ಯ ಮನುಷ್ಯರಾದರೆ ಇಂಥ ಸಮಯದಲ್ಲಿ ತಲೆ ಹಿಡಿದು ಮಲಗುತ್ತಾರೆ. ಭಾವ ಮಂಚದ ಕಾಲು ಹಿಡಿದು ಎದ್ದು, ತೂಗುಗುಂಡನ್ನು ಗೋಡೆಗೆ ಇಳಿಬಿಟ್ಟರು. ಗೋಡೆ ನೆಟ್ಟಗಿತ್ತು. ಅವರಿಗೆ ನೂಲಿನ ಮೇಲೆ ಅನುಮಾನ ಬಂತು. ಚೀಲದಿಂದ ರಸಮಟ್ಟ ತರಿಸಿ ನೆಲದ ಮೇಲೆ ಇಟ್ಟರು. ಅದರ ಗಾಜಿನೊಳಗಿನ ಗುಳ್ಳೆ ಸಾಧುವಿನಂತೆ ನಟ್ಟನಡುವೆ ಕುಳಿತಿತ್ತು. ಭಾವ ಅಲ್ಲೇ ವಾಂತಿ ಮಾಡಿ, ನೆಲಕ್ಕೆ ಕುಸಿದು, ಕ್ಷೀಣವಾದ ಧ್ವನಿಯಲ್ಲಿ ಕೇಳಿದರು: "ಗುಂಡ್ ಸರಿ ಇತ್ತ್. ಮಟ್ಟ ಸರಿ ಇತ್ತ್. ಗೋಡಿ ಸರಿ ಇತ್ತ್. ಹಾಂಗಾರೆ ಸೊಟ್ಟ ಆದ್ದ್ ಯಾರ್?"

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಅಕ್ಕ ಹೇಳಲಿಲ್ಲ. ಪಕ್ಕದ ಮನೆಯ ಶೀನಣ್ಣನನ್ನು ಕೂಗಿದಳು.

ಶೀನಣ್ಣ ತನ್ನ ತಮ್ಮನನ್ನು ಕರೆದುಕೊಂಡು ಬಂದ. ಇಬ್ಬರೂ ಸೇರಿ ಭಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಬ್ಬ ಮುಂದೆ, ಒಬ್ಬ ಹಿಂದೆ ಎತ್ತಿಕೊಂಡು ಸಂಕಕ್ಕೆ ಹೆಜ್ಜೆಯಿಟ್ಟರು. ಕೆಳಗೆ ತುಂಬಿದ ಹೊಳೆ. ಮೇಲೆ ಸಿಂಹಾಸನಾರೂಢರಾದ ಭಾವ! ಕಣ್ಣು ಬಿಗಿಯಾಗಿ ಮುಚ್ಚಿದ್ದರೂ ಬಾಯಿಗೆ ವಿರಾಮವಿಲ್ಲ.

"ಶೀನ, ಎಡ್ಬದಿ ಒಂದಿಂಚ್ ಎತ್ತ್!"

"ನೀವ್ ಕಣ್ ಮುಚ್ಕಂಡಿದ್ರಿ ಅಲ್ದಾ ಮೇಸ್ತ್ರೇ, ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

"ಕುಂಡಿಗ್ ಗೊತ್ತಾತ್ತ್ ಮಾರಾಯ!"

(ಅವರ ಮಾತನ್ನು ಅವರದೇ ಪದಗಳಲ್ಲಿ ದಾಖಲಿಸಿದ್ದೇನೆ, ವಾಚಕರು ಮನ್ನಿಸಬೇಕು.) ಅಕ್ಕ ಹೇಗೆ ದಾಟಿದಳು ಎಂದು ಕೇಳುವಿರೇನು? ಕಣ್ಣು ಮುಚ್ಚಿಕೊಂಡೇ, ಹಿಂದಿನವನ ಕಂಕುಳಡಿಯಿಂದ, ಭಾವ ಬೈರಾಸಿನ ತುದಿಯನ್ನು ಹಿಂದಕ್ಕೆ ಚಾಚಿದ್ದರು. ಲೋಕ ಗಿರ್ರನೆ ತಿರುಗುತ್ತಿದ್ದಾಗಲೂ ಅದೊಂದು ಮರೆತಿರಲಿಲ್ಲ!

ಈಚೆ ದಡದಲ್ಲಿ ರಿಕ್ಷಾ ಹತ್ತುವ ಮೊದಲು ಭಾವ ಒಂದು ಪ್ರತಿಜ್ಞೆ ಮಾಡಿದರು. "ನಾ ಹಾಕಿದ್ ಸಂಕದ್ ಮೇಲ್ ನನ್ನೇ ಹೊತ್ಕಂಡ್ ಬಂದ್ರಿ. ಇದೇ ಕಡೀದ್. ಇನ್ ಮನಿಗ್ ಹೋಪುದಾರೆ ನನ್ ಕಾಲಗೇ ದಾಟಿ ಹೋಪುದ್. ಇಲ್ದಿರೆ ಹೋಪುದೇ ಇಲ್ಲ!" ಶೀನಣ್ಣ ನಕ್ಕ. ಅಕ್ಕ ನಗಲಿಲ್ಲ. ಅವರು ದಾಟದಿದ್ದರೆ ತಾನೂ ದಾಟುವಂತಿಲ್ಲ ಎಂಬ ಸರಳ ಸತ್ಯ ಅವಳಿಗೆ ಅಲ್ಲಿಯೇ ಹೊಳೆದಿರಬೇಕು.

ಬ್ರಹ್ಮಾವರದಲ್ಲಿ ಶಾಲಾ ಟೀಚರಾಗಿರುವ ನಾನು ಅವರಿಬ್ಬರನ್ನೂ ನನ್ನ ಮನೆಯಲ್ಲಿ ಇಳಿಸಿಕೊಂಡು, ಭಾವನನ್ನು ಕಿವಿಯ ವೈದ್ಯರ ಬಳಿಗೆ ಕರೆದೊಯ್ದೆ. ವೈದ್ಯರು ತಾಳ್ಮೆಯಿಂದ ವಿವರಿಸಿದರು: "ಕಿವಿಯ ಒಳಗೆ, ದೇಹದ ಸಮತೋಲ ನೋಡಿಕೊಳ್ಳುವ ಜಾಗದಲ್ಲಿ, ತುಂಬ ಸಣ್ಣ ಸಣ್ಣ ಕಲ್ಲಿನ ಹರಳುಗಳಿರುತ್ತವೆ. ನಿಮಗೆ ಅವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿವೆ. ತಲೆ ಹೊರಳಿಸಿದಾಗ ಅವೂ ಉರುಳುತ್ತವೆ. ಅದಕ್ಕೇ ಎಲ್ಲ ತಿರುಗಿದಂತೆ ಅನಿಸುವುದು."

ಮಿದುಳಿಗೇ ಏನೋ ಆಯಿತೆಂದು ಹೆದರಿ ಬಾಡಿದ್ದ ಭಾವನ ಮುಖ ಅರಳಿತು. "ಕಲ್ಲ್ ಜಾರಿದ್ದಾ! ಅದನ್ ಮೊದ್ಲೇ ಹೇಳುಕಾಗ್ದಾ? ಕಲ್ಲ್ ಜಾರ್ರೆ ಕೂರ್ಸುಕೆ ಆತ್ತ್!"

ವೈದ್ಯರು ಅವರನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. ಭಾವ "ಅಬ್ಬೀ!" ಎಂದು ಕೂಗಿ ವೈದ್ಯರ ಅಂಗಿಯನ್ನೇ ಹಿಡಿದರು. ಸ್ವಲ್ಪ ಕಾದು, ತಲೆಯನ್ನು ಇನ್ನೊಂದು ಬದಿಗೆ ತಿರುಗಿಸಿ, ಮತ್ತೆ ಕಾದು, ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ ಕೂರಿಸಿದರು. ಕೆಲವೇ ನಿಮಿಷಗಳ ಕೆಲಸ. ಲೋಕ ನಿಂತಿತು!

"ಆಯಿತು. ಹರಳುಗಳು ತಮ್ಮ ಜಾಗಕ್ಕೆ ಹೋಗಿವೆ."

"ಗಾರೆ ಎಂತ ಹಾಕಿದ್ರಿ?" ಎಂದು ಕೇಳಿದರು ಭಾವ.

"ಗಾರೆ ಏನೂ ಇಲ್ಲ."

"ಸಿಮೆಂಟ್?"

"ಅದೂ ಇಲ್ಲ. ಒಂದೆರಡು ದಿನ ಜೋಪಾನವಾಗಿರಿ. ಆಮೇಲೆ ಎಂದಿನಂತೆ ಓಡಾಡಿ, ಓಡಾಡಿದಷ್ಟೂ ಒಳ್ಳೆಯದು."

ಕಾರಿನಲ್ಲಿ ಭಾವ ನನ್ನ ಕಿವಿಯಲ್ಲಿ ಉಸುರಿದರು. "ಡಾಕ್ಟ್ರ್ ಕೈಕೆಲಸ ಒಳ್ಳೇದಿತ್ತ್ ಟೀಚ್ರೇ. ಆರೆ ಗಾರೆ ಇಲ್ದೆ ಕಲ್ಲ್ ಕೂರ್ಸಿರ್. ಅದ್ ಗಟ್ಟಿ ಆಪಲ್ಲಿವರೆಗೆ ಅಲುಗಾಡುಕಾಗ!" ವೈದ್ಯರು ಮೂರು ಮಾತು ಹೇಳಿದ್ದರು. ಭಾವ ಅದರಲ್ಲಿ ಮೊದಲನೆಯದನ್ನು ಮಾತ್ರ, ಅದನ್ನೂ ತಮ್ಮ ವೃತ್ತಿಧರ್ಮಕ್ಕೆ ಅನುಸಾರವಾಗಿ ತಿದ್ದಿ, ಸ್ವೀಕರಿಸಿದ್ದರು. ತಾರಸಿ ಹಾಕಿದ ಮೇಲೆ ಇಪ್ಪತ್ತೊಂದು ದಿನ ಕೆಳಗೆ ಆಸರೆಗೆ ಕಟ್ಟಿದ ಸೆಂಟ್ರಿಂಗ್ ಮುಟ್ಟುವಂತಿಲ್ಲ ಎಂಬುದು ಅವರ ಮತ. ಒಂದು ತಾರಸಿಗೆ ಇಪ್ಪತ್ತೊಂದು ದಿನವಾದರೆ, ಒಂದು ತಲೆಗೆ ಕಡಿಮೆಯಾದೀತೇ?

ಹೀಗೆ ನಮ್ಮ ಮನೆಯಲ್ಲಿ ಭಾವನ ತಲೆಗೆ ಸೆಂಟ್ರಿಂಗ್ ಕಟ್ಟುವ ಕಾರ್ಯಕ್ರಮ ನಡೆಯಿತು. ಕುತ್ತಿಗೆಯ ಸುತ್ತ ಸುತ್ತಿದ ಎರಡು ಬೈರಾಸು, ಎಡಕ್ಕೊಂದು ದಿಂಬು, ಬಲಕ್ಕೊಂದು ದಿಂಬು, ಹಿಂದೆ ಸುರುಳಿ ಸುತ್ತಿದ ಚಾಪೆ. ಅವರು ಈಸಿಚೇರಿನಲ್ಲಿ ಕುಳಿತೇ ಉಂಡರು, ಕುಳಿತೇ ಮಲಗಿದರು. ಪಕ್ಕಕ್ಕೆ ನೋಡಬೇಕಾದರೆ ತಲೆ ತಿರುಗಿಸುವಂತಿಲ್ಲ. ನಾವೇ ಕುರ್ಚಿಯನ್ನು ತಿರುಗಿಸಬೇಕು! ಅವರು ಸ್ನಾನದ ಮನೆಗೆ ಹೋಗುವಾಗ, ತುಂಬಿದ ಕೊಡವನ್ನು ಸಾಗಿಸುವಂತೆ ಅಕ್ಕ ಒಂದು ಕಡೆ, ನಾನು ಒಂದು ಕಡೆ. ಬಡಿಸುವಾಗ "ಇನ್ನೊಂದು ದೋಸೆ?" ಎಂದರೆ ತಲೆಯಾಡಿಸಿ ಬೇಡವೆನ್ನಲು ಅವರಿಗೆ ಸಾಧ್ಯವಿರಲಿಲ್ಲ, ಬಾಯಿ ತುಂಬ ದೋಸೆ ಇದ್ದುದರಿಂದ ಮಾತಿಗೂ ಅವಕಾಶವಿರಲಿಲ್ಲ. ಹೀಗಾಗಿ ದಿನವೂ ಏಳು ದೋಸೆ!

ಅಕ್ಕ ಸುಮ್ಮನಿರುತ್ತಾಳೆಯೇ? "ಹ್ವಾಯ್, ತಾರ್ಸಿಗ್ ದಿನಾ ನೀರ್ ಬಿಡ್ಕಲ್ದಾ? ಕಲ್ಲ್ ಕೂರ್ಸಿದ್ ಕೆಮಿಗ್ ಒಂದ್ ಚೊಂಬ್ ನೀರ್ ಹೊಯ್ಲಾ?"

"ನಿಂಗ್ ತಮಾಷಿ. ಕಲ್ಲ್ ಮತ್ತೆ ಜಾರ್ರೆ ಸಂಕ ಯಾರ್ ದಾಟ್ಸುದ್ ನಿನ್ನ?"

ಅಕ್ಕ ಚೊಂಬನ್ನು ಎತ್ತಿಕೊಂಡು ಒಳಗೆ ಹೋದಳು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ, ಶಾಸ್ತ್ರೋಕ್ತವಾಗಿ ಸೆಂಟ್ರಿಂಗ್ ತೆಗೆಯಲಾಯಿತು. ದಿಂಬು ಸರಿಸಿದೆವು, ಬೈರಾಸು ಬಿಚ್ಚಿದೆವು. ಭಾವ ಗಂಭೀರವಾಗಿ ಎದ್ದು ನಿಂತರು. ಒಂದು ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆ ಎಲ್ಲಿಡಬೇಕೆಂದು ಕಾಲಿಗೂ ತಲೆಗೂ ಒಮ್ಮತ ಮೂಡಲಿಲ್ಲ. ಕಟ್ಟು ಬಿಚ್ಚಿದ ಹುಲ್ಲಿನ ಹೊರೆಯಂತೆ ವಾಲಿ, ಅವರು ನಡುಮನೆಯ ಗೋಡೆಯನ್ನು ಅಪ್ಪಿಕೊಂಡರು.

ಈ ಗೋಡೆಯ ವಿಷಯ ಹೇಳಲೇಬೇಕು. ನಾನು ಕಟ್ಟಿ ಮುಗಿದ ಮನೆಯನ್ನು ಕೊಂಡವಳು. ಅಂದರೆ ಇದು ಭಾವ ಕಟ್ಟಿದ್ದಲ್ಲ. ಆ ಅಪರಾಧಕ್ಕೆ ಅವರಲ್ಲಿ ಕ್ಷಮೆಯಿಲ್ಲ. ಗೋಡೆಗೆ ಕೆನ್ನೆಯೊತ್ತಿ ನಿಂತ ಆ ಸ್ಥಿತಿಯಲ್ಲಿಯೂ ಅವರು ಹೇಳಿದ್ದೇನು ಗೊತ್ತೇ? "ಈ ಗೋಡಿ ಹಿಡ್ಕಂಡ್ ನಡೂಕೆ ಕಲ್ತ್ರೆ ನಾನೂ ಇದ್ರಂಗೇ ಸೊಟ್ಟ ಆತೆ ಟೀಚ್ರೇ!"

ಮತ್ತೆ ವೈದ್ಯರು. ಮತ್ತೆ ಮೇಜು, ಮತ್ತೆ ಮಲಗಿಸಿದ್ದು. ಈ ಬಾರಿ ಏನೂ ತಿರುಗಲಿಲ್ಲ. "ಹರಳುಗಳು ಸರಿಯಾಗಿಯೇ ಇವೆ," ಎಂದರು ವೈದ್ಯರು. "ಅಲುಗಾಡದೆ ಕುಳಿತದ್ದೇ ತಪ್ಪಾಯಿತು. ಅಲುಗಾಟವೆಂದರೇನೆಂದು ನಿಮ್ಮ ತಲೆಗೇ ಮರೆತುಹೋಗಿದೆ. ಇನ್ನು ಅದಕ್ಕೆ ನಡಿಗೆಯನ್ನು ಹೊಸದಾಗಿ ಕಲಿಸಬೇಕು."

ಕಲಿಸಲು ಬಂದವಳು ತ್ರಾಸಿ ಕಡೆಯ ಒಬ್ಬ ಫಿಸಿಯೋಥೆರಪಿಸ್ಟ್. ಮೀನುಗಾರರ ಮನೆಯ ಹುಡುಗಿ, ಮಾತಿನಲ್ಲಿ ಭಾವನಿಗೆ ಸರಿಸಾಟಿ. ಮೊದಲ ದಿನವೇ ಕೇಳಿದಳು:

"ಮೇಸ್ತ್ರೇ, ನಿಮ್ಗ್ ಎಲ್ಲಿಗ್ ಹೋಪಂಗಾಯ್ಕ್?"

"ನನ್ ಮನಿಗೆ." ಸಂಕದ ಕತೆಯನ್ನೂ ಪ್ರತಿಜ್ಞೆಯನ್ನೂ ಅವರು ಸಾದ್ಯಂತವಾಗಿ ಹೇಳಿದರು.

"ಹಾಂಗಾರೆ ಆ ಸಂಕವೇ ನಮ್ಮ್ ಪರೀಕ್ಷೆ. ಕಾಣಿ ಮೇಸ್ತ್ರೇ, ದೋಣಿಯಗೆ ಮರದ್ ಕೊರಡಿನಂಗ್ ನಿಂತವ್ರ್ ನೀರಿಗ್ ಬೀಳ್ತ್ರ್. ದೋಣಿ ಸಂಗ್ತಿಗೆ ಅಲುಗಾಡುವವ್ರ್ ಬೀಳುದಿಲ್ಲ. ತಲಿ ಅಂದ್ರೆ ಗೋಡಿ ಅಲ್ಲ, ದೋಣಿ."

ಜೀವಮಾನವಿಡೀ ಅಲುಗಾಡದಿರುವುದನ್ನೇ ಸಾಧನೆಯೆಂದು ನಂಬಿದವರಿಗೆ ಇದು ಸಣ್ಣ ಮಾತೇ?

ಅವಳು ಹೇಳಿಕೊಟ್ಟ ಪಾಠಗಳು ನೋಡಲು ಸುಲಭ. ಎರಡೂ ಪಾದ ಜೋಡಿಸಿ ನಿಲ್ಲುವುದು. ಹಾಗೆಯೇ ಕಣ್ಣು ಮುಚ್ಚಿ ನಿಲ್ಲುವುದು. ದಿಂಬಿನ ಮೇಲೆ ನಿಲ್ಲುವುದು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ನೆಲದ ಗೆರೆಯ ಮೇಲೆ ನಡೆಯುವುದು. ಗೆರೆಯೆಂದಾಗ ನಾನು ನೆಲದ ಟೈಲ್ಸಿನ ಸಂದನ್ನು ತೋರಿಸಿದೆ. ಭಾವ ಅದನ್ನು ನೋಡಿದ ನೋಟ! "ಇದ್ ಗೆರೆಯಾ? ಇದ್ ಕೇರೆ ಹಾವ್ ಹೋದ್ ದಾರಿ!" ಎಂದವರೇ, ನೂಲನ್ನು ಕಾವಿಪುಡಿಯಲ್ಲಿ ಅದ್ದಿ, ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು, ಪಟ್ಟೆಂದು ನೆಲಕ್ಕೆ ಮೀಟಿದರು. ನನ್ನ ಬಿಳಿಯ ಟೈಲ್ಸಿನ ನಡುಮನೆಯಲ್ಲಿ, ಮುಂಬಾಗಿಲಿನಿಂದ ಅಡುಗೆಮನೆಯವರೆಗೆ, ಸಿಂಧೂರದಂಥ ಒಂದು ಕೆಂಪು ಗೆರೆ ಮೂಡಿತು. ಮನೆಗೆ ಬಂದವರೆಲ್ಲ ಅದನ್ನು ಯಾವುದೋ ಶಾಂತಿಹೋಮದ ಗುರುತೆಂದು ತಿಳಿದು, ದಾಟದೆ, ಹೊರಗಿನಿಂದಲೇ ಮಾತಾಡಿಸಿ ಹೋಗತೊಡಗಿದರು!

ಗೆರೆ ಅಳಿಸಿದಂತೆಲ್ಲ ಹೊಸ ಗೆರೆ. ಕಾವಿ ಮೆಟ್ಟಿದ ಕಾಲಿನ ಗುರುತುಗಳು ಮನೆ ತುಂಬ. ಒಂದು ಮಧ್ಯಾಹ್ನ ಅಡುಗೆಮನೆಯ ನೆಲವನ್ನು ನೋಡಿ ನಾನು ರೇಗಿದೆ. "ಭಾವ, ಕಾಲು ತೊಳೆಯದೆ ಇಲ್ಲಿಗೆ ಬರಬೇಡಿ ಎಂದು ಎಷ್ಟು ಸಲ ಹೇಳಬೇಕು?"

ಭಾವ ಬಗ್ಗಿ ಆ ಗುರುತನ್ನು ನೋಡಿದರು. "ಇದ್ ನಂದಲ್ಲ. ನನ್ ಕಾಲ್ ಇಷ್ಟ್ ಸಣ್ಣ್ದಾ?" ಎಂದರು. ಹೌದು, ಸಣ್ಣ ಹೆಜ್ಜೆಯೇ. ಬಂದುಹೋದ ಯಾರದೋ ಇರಬೇಕೆಂದು ಒರೆಸಿ ಸುಮ್ಮನಾದೆ.

ಮುಂದಿನ ಪಾಠ, ನಡೆಯುತ್ತಲೇ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಇದನ್ನು ಅಕ್ಕ ಎಷ್ಟು ಚೆನ್ನಾಗಿ ಬಳಸಿಕೊಂಡಳೆಂದರೆ, ಅವರು ಗೆರೆಯ ಮೇಲೆ ನಡೆಯುತ್ತಿರುವಾಗಲೇ ಅಡುಗೆಮನೆಯಿಂದ ಕೇಳುವಳು: "ಹ್ವಾಯ್, ಇನ್ನೊಂದ್ ದೋಸಿ ಬೇಕಾ?" ತಲೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು. "ಬ್ಯಾಡ್ದಾ? ಸರಿ!" ದೋಸೆಯ ಸಂಖ್ಯೆ ಏಳರಿಂದ ಮೂರಕ್ಕೆ ಇಳಿಯಿತು.

ಎರಡು ವಾರ ಕಳೆದ ಮೇಲೆ ರಸ್ತೆಯ ನಡಿಗೆ. ಇಲ್ಲಿಯೇ ಮಾನಹಾನಿ ಆದದ್ದು! ಹುಟ್ಟಿದಂದಿನಿಂದ ಹೆಂಡದ ವಾಸನೆಯನ್ನೂ ನೋಡದ ಭಾವ, ಬೆಳಿಗ್ಗೆ ಏಳು ಗಂಟೆಗೆ ಬ್ರಹ್ಮಾವರದ ರಸ್ತೆಯಲ್ಲಿ ಅತ್ತಿತ್ತ ವಾಲುತ್ತ, ನಡುನಡುವೆ ತಲೆಯನ್ನು ಎಡಬಲಕ್ಕೆ ಒಗೆಯುತ್ತ ನಡೆದರೆ ಜನ ಏನೆಂದುಕೊಂಡಾರು? ಹಾಲು ತರಲು ಹೊರಟ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನಮ್ಮೆಲ್ಲರ ಕಿವಿಗೂ ಬಿತ್ತು: "ಮೇಸ್ತ್ರಿ ಬೆಳ್ಗಾತೇ ಶುರು ಮಾಡಿರ್ ಕಾಣ್!" ಮರುದಿನದಿಂದ ಭಾವ ಆಸ್ಪತ್ರೆಯ ಫೈಲನ್ನು, ಮೇಲಿನ ಅಕ್ಷರ ಎಲ್ಲರಿಗೂ ಕಾಣುವಂತೆ, ಎದೆಗೆ ಒತ್ತಿ ಹಿಡಿದುಕೊಂಡು ನಡೆದರು. ನಡೆಯುವಾಗ ಕೈ ಬೀಸಬೇಕೆಂದು ಫಿಸಿಯೋಥೆರಪಿಸ್ಟ್ ಫೈಲನ್ನು ಕಸಿದುಕೊಂಡಳು. ಭಾವ ಅದನ್ನು ಅಕ್ಕನ ಕೈಗೆ ಕೊಡಿಸಿ, ಅವಳನ್ನು ಮುಂದೆ ಮುಂದೆ ನಡೆಸಿದರು. ಬಿರುದು ಹೊಗಳುವವರು ಮುಂದೆ, ರಾಜರು ಹಿಂದೆ!

ಹೀಗೆ ಎಲ್ಲವೂ ಸರಿಯಾಗುತ್ತಿದೆ ಎನ್ನುವಾಗ ಮರವಂತೆಯ ಕಡಲತೀರದ ಸರದಿ ಬಂತು. ಸಮತಟ್ಟಲ್ಲದ ನೆಲದಲ್ಲಿಯೂ ಅಭ್ಯಾಸವಾಗಬೇಕು, ಮರಳಿನ ಮೇಲೆ ನಡೆಸಿ ಎಂದು ಆ ಹುಡುಗಿ ಹೇಳಿದ್ದಳು. ಒಂದು ಭಾನುವಾರ ಸಂಜೆ ಮೂವರೂ ಹೋದೆವು. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಹೆದ್ದಾರಿ. ಭಾವ ದಂಡೆಯಲ್ಲಿ ನಿಂತು, ಗುಂಡನ್ನು ಇಳಿಬಿಟ್ಟು, ದೂರದ ಕಡಲಂಚಿಗೂ ನೂಲಿಗೂ ತಾಳೆ ನೋಡಿ, "ಲೆವೆಲ್ ಅಂದ್ರೆ ಇದ್ ಕಾಣಿ ಟೀಚ್ರೇ" ಎಂದರು. ಹರ್ಷದಿಂದ ನೀರಿನಂಚಿನವರೆಗೂ ನಡೆದರು. ಒಂದು ತೆರೆ ಬಂದು ಪಾದ ಮುಚ್ಚಿತು. ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು.

ಭಾವ ಕುಸಿದು ಕುಳಿತರು. ಎರಡನೆಯ ತೆರೆ ಎದೆಯವರೆಗೆ ಬಂತು. ನಾವಿಬ್ಬರೂ ತೋಳು ಹಿಡಿದು ಎಳೆದು ತಂದಾಗ ಅವರು ನಡುಗುತ್ತಿದ್ದರು. ನಮ್ಮ ಕಡೆ ನೋಡದೆ ಹೇಳಿದರು: "ಕಾಲಡಿಗಿಂದ್ ಮರ್ಳ್ ಹೋಪತಿಗೆ, ಆ ದಿನ ಮನಿ ತಿರ್ಗಿದಾಂಗೇ ಆಯ್ತ್. ನನ್ ಕೈಲಿ ಸಂಕ ದಾಟುಕಾತಿಲ್ಲೆ. ನಾ ಬಿದ್ರೆ ಬೀಳ್ಲಿ. ಇವ್ಳ್ ಬೈರಾಸ್ ಹಿಡ್ಕಂಡಿರ್ತ್ಳಲ್ದಾ? ಇವ್ಳನ್ನೂ ಎಳ್ಕಂಡ್ ಬೀಳ್ತೆ."

ಅವರನ್ನು ಹೆದರಿಸುತ್ತಿದ್ದುದು ಏನೆಂದು ನನಗೆ ತಿಳಿದದ್ದು ಆಗಲೇ. ಅಕ್ಕ ಅವರ ಒದ್ದೆ ಪಂಚೆಯ ಮರಳನ್ನು ಕೊಡವುತ್ತ, "ಏಳಿ, ಥಂಡಿ ಆತ್ತ್" ಎಂದಳು, ಅಷ್ಟೆ.

ಅಭ್ಯಾಸ ನಿಲ್ಲಲಿಲ್ಲ. ಫಿಸಿಯೋಥೆರಪಿಸ್ಟ್ ನಿಲ್ಲಿಸಲು ಬಿಡಲೂ ಇಲ್ಲ. ಕೆಂಪು ಗೆರೆಯ ಮೇಲೆ ಭಾವ ಈಗ ಕೈ ಬೀಸಿಕೊಂಡು ನಡೆಯುತ್ತಿದ್ದರು. ದಿಂಬಿನ ಮೇಲೆ ಕಣ್ಣು ಮುಚ್ಚಿ, ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಲ್ಲುತ್ತಿದ್ದರು. ದೀಪಾವಳಿ ಕಳೆದು ಎರಡು ವಾರಗಳಾದಾಗ ಅವಳು, "ನನ್ ಪಾಠ ಮುಗೀತ್ ಮೇಸ್ತ್ರೇ. ಇನ್ ನಿಮ್ಗೆ ಬೇಕಾದ್ದ್ ಸಂಕ, ನಾನಲ್ಲ" ಎಂದಳು.

ಹೊರಟೆವು. ಹೊಳೆಯ ನೀರು ಇಳಿದಿತ್ತು. ಆದರೆ ಹರಿವು ನಿಂತಿರಲಿಲ್ಲ. ಆಚೆ ದಡದಲ್ಲಿ ಶೀನಣ್ಣ ಅದೇ ಪ್ಲಾಸ್ಟಿಕ್ ಕುರ್ಚಿಯನ್ನು ಇಟ್ಟುಕೊಂಡು ನಿಂತಿದ್ದ.

"ಹ್ವಾಯ್ ಮೇಸ್ತ್ರೇ! ಕುರ್ಚಿ ತಕಂಡ್ ಬರ್ಲಾ?"

"ಅದ್ರಗೆ ನೀನೇ ಕೂಕೋ!" ಎಂದು ಗರ್ಜಿಸಿದ ಭಾವ, ಚಪ್ಪಲಿ ಕಳಚಿ, ಬೈರಾಸನ್ನು ಹೆಗಲಿಗೆ ಹಾಕಿಕೊಂಡು, ಕಂಬದ ಮೇಲೆ ಕಾಲಿಟ್ಟರು. ಒಂದು ಹೆಜ್ಜೆ. ಎರಡು. ಅಭ್ಯಾಸದಂತೆ ಬೈರಾಸಿನ ತುದಿಯನ್ನು ಹಿಂದಕ್ಕೆ ಚಾಚಲು ಕೈ ಎತ್ತಿದವರು, ಕೆಳಗೆ ಹರಿಯುವ ನೀರನ್ನು ಕಂಡರು. ಕೈ ಅಲ್ಲೇ ನಿಂತಿತು. ಎರಡು ಹೆಜ್ಜೆ ಹಿಂದಕ್ಕೆ ಇಟ್ಟು ದಡಕ್ಕೆ ಬಂದರು. ಮತ್ತೊಮ್ಮೆ ಹೋದರು, ಮತ್ತೆ ಹಿಂದಿರುಗಿದರು. ಆಚೆ ದಡದಲ್ಲಿ ಶೀನಣ್ಣ ನಗುವುದನ್ನು ನಿಲ್ಲಿಸಿ ಕುರ್ಚಿಯನ್ನು ತನ್ನ ಬೆನ್ನ ಹಿಂದೆ ಸರಿಸಿದ.

"ಇವತ್ತ್ ಬ್ಯಾಡ," ಎಂದರು ಭಾವ. "ಟೀಚ್ರೇ, ವಾಪಾಸ್ ಹೋಪ."

ಅಕ್ಕ ಚಪ್ಪಲಿ ಕಳಚಿದಳು. ಅವಳು ಕಾಲೆತ್ತಿದಾಗ ನಾನು ಕಂಡೆ: ಎರಡೂ ಅಂಗಾಲುಗಳು ಕಾವಿ ಹತ್ತಿ, ತೊಳೆದರೂ ಹೋಗದಷ್ಟು, ಕೆಂಪಗಾಗಿದ್ದವು. ನನ್ನ ಅಡುಗೆಮನೆಯ ಸಣ್ಣ ಹೆಜ್ಜೆಗಳು! ಭಾವ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ, ಯಾರಿಗೂ ಕಾಣದಂತೆ, ಆ ಗೆರೆಯ ಮೇಲೆ ಇವಳೂ ನಡೆದಿದ್ದಳು.

ಅವಳು ಗಂಡನ ಹೆಗಲಿನಿಂದ ಬೈರಾಸನ್ನು ಎಳೆದು ತನ್ನ ಹೆಗಲಿಗೆ ಹಾಕಿಕೊಂಡಳು. ಸಂಕದ ಮೇಲೆ ಕಾಲಿಟ್ಟಳು, ಮುಂದೆ ಯಾರೂ ಇಲ್ಲದೆ. ಕೈಯನ್ನು ಹಿಂದಕ್ಕೆ ಚಾಚಿದಳು.

"ಹಿಡ್ಕಣಿ. ಕೆಳ್ಗ್ ಕಾಂಬುದ್ ಬ್ಯಾಡ, ನನ್ ಹಿಮ್ಡಿ ಕಾಣಿ. ನಾನ್ ಇಷ್ಟ್ ವರ್ಷ ಹಾಂಗೇ ದಾಟಿದ್ದ್."

ಭಾವ ಹಿಡಿದರು. ನೆಟ್ಟಗಿಲ್ಲದ್ದನ್ನು ಹುಡುಕುತ್ತ ಊರೆಲ್ಲ ಸುತ್ತಿದ ಆ ಎರಡು ಕಣ್ಣುಗಳು, ಒಂದು ಜೊತೆ ಕೆಂಪು ಹಿಮ್ಮಡಿಗಳನ್ನು ಬಿಟ್ಟು ಬೇರೇನನ್ನೂ ನೋಡದೆ ಹೊಳೆಯನ್ನು ದಾಟಿದವು. ನಡುವೆ ಒಮ್ಮೆ ಅವರು ವಾಲಿದರು, ಬೈರಾಸು ಬಿಗಿಯಿತು, ಅಕ್ಕ ಹಿಂದಿರುಗಿ ನೋಡಲಿಲ್ಲ, ಕಾಯುತ್ತ ನಿಂತಳು. ಮತ್ತೆ ನಡೆದರು.

ಆಚೆ ದಡ ಮುಟ್ಟಿದ್ದೇ ಅಕ್ಕ ಆಸರೆಗೆ ಕೈ ಚಾಚಿದ್ದು ನನಗೆ ಈಚೆಯಿಂದಲೇ ಕಂಡಿತು. ಶೀನಣ್ಣ ತಂದ ಕುರ್ಚಿ ಕೊನೆಗೆ ಬೇಕಾದದ್ದು ಅವಳಿಗೇ! ಆದರೆ ಅವಳು ಕೂರಲು ಹೋದಾಗ ಭಾವ, "ತಡಿ, ಹಾಂಗೇ ನಿಲ್ಲ್" ಎಂದರು. ಜೇಬಿಗೆ ಕೈ ಹಾಕಿ ನೂಲಿನ ಉಂಡೆ ತೆಗೆದರು. ಮಂಟಪದಲ್ಲಿ ಯಾರ ಬಾಸಿಂಗದಲ್ಲಿ ಅರ್ಧ ಇಂಚಿನ ತಪ್ಪು ಕಂಡಿದ್ದರೋ ಆ ಹೆಂಗಸಿನ ಎದುರು ನಿಂತು, ತೋಳು ಚಾಚಿ, ಗುಂಡನ್ನು ಇಳಿಬಿಟ್ಟರು. ಅದು ತೂಗಿ ತೂಗಿ ನಿಲ್ಲುವವರೆಗೆ ಕಾದರು. ಒಂದು ಕಣ್ಣು ಮುಚ್ಚಿ, ಬೈತಲೆಯಿಂದ ಹಿಮ್ಮಡಿಯವರೆಗೆ ನೂಲಿನಗುಂಟ ನಿಧಾನವಾಗಿ ನೋಡಿದರು.

"ನೇರ ಇತ್ತ್," ಎಂದರು.